ಹುತ್ರಿದುರ್ಗದ ಕೆಳಗಿನ ಬುದ್ಧಿವಂತ ಕ್ಯಾಮೆರಾ

ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಕಾರ್ಯತಂತ್ರ ನಮ್ಮೂರಿಗೆ ಬಂದದ್ದು ಜೀಪಿನಲ್ಲಿ. ಹುತ್ರಿದುರ್ಗದ ಬುಡದಲ್ಲಿರುವ ನಮಗೆ ಚಿರತೆ ಕಾಟ ಹೆಚ್ಚಾಗಿತ್ತು. ತುಮಕೂರಿನಿಂದ ಬಂದ ಅಧಿಕಾರಿಯೊಬ್ಬರು ಶಾಲೆಯ ಜಗಲಿಯಲ್ಲಿ ನಿಂತು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಓದಿದರು. ನಾನು ಕುಣಿಗಲ್ಲಿನಲ್ಲಿ ಹೈಸ್ಕೂಲ್ ಟೀಚರ್ ಆದ್ದರಿಂದ ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಿತ್ತು. ಎಷ್ಟೋ ವಾಕ್ಯಗಳಲ್ಲಿ ಯಾರು ಏನು ಮಾಡುತ್ತಾರೆಂದು ಕೊನೆಯವರೆಗೂ ಸಿಗಲಿಲ್ಲ. ಕಡೆಗೆ ನಾನು ಹೇಳಿದ್ದು ಇಷ್ಟು: ಹೊಲದ ಅಂಚಿನಲ್ಲಿ ಕ್ಯಾಮೆರಾ ನೆಡುತ್ತಾರೆ, ಅದಕ್ಕೆ ನಾಯಿ ಯಾವುದು ಚಿರತೆ ಯಾವುದು ಎಂದು ಕಲಿಸಿದ್ದಾರೆ, ಚಿರತೆ ಕಂಡರೆ ಎಲ್ಲರ ಮೊಬೈಲಿಗೂ ಮೆಸೇಜ್ ಬರುತ್ತದೆ.

"ಕೃತಕ ಅಂದ್ರೆ ಏನವ್ವ?" ಎಂದರು ಮುಂದೆ ಕೂತಿದ್ದ ನಮ್ಮ ಚಿಕ್ಕಮ್ಮ.

"ಹುಟ್ಟಿನಿಂದ ಬಂದಿದ್ದಲ್ಲ, ಮಾಡಿದ್ದು."

"ಬುದ್ಧಿನೂ ಮಾಡ್ತಾರಾ? ಹಂಗಿದ್ರೆ ನಿಮ್ಮ ಚಿಕ್ಕಪ್ಪಂಗೂ ಒಂಚೂರು ಮಾಡ್ಸು."

"ಬುದ್ಧಿ ಇದ್ದಿದ್ರೆ ಇವ್ಳನ್ನ ಯಾಕೆ ಕಟ್ಕೊತಿದ್ದೆ ಸಾರ್," ಎಂದು ಚಿಕ್ಕಪ್ಪ ಅಧಿಕಾರಿಗೇ ದೂರಿದರು. ಅವರು ಏನನ್ನೋ ಬರೆದುಕೊಂಡರು. ಸಾರ್ವಜನಿಕ ಅಭಿಪ್ರಾಯ ಇರಬೇಕು.

ಚಿಕ್ಕಮ್ಮನಿಗೆ ಒಳಗೆ ಇದು ತಮಾಷೆಯಾಗಿರಲಿಲ್ಲ. ಅವರ ಹಸುಗಳಿಗೆ ಹಸಿ ಹುಲ್ಲು ಸಿಗುತ್ತಿದ್ದುದು ಗುಡ್ಡಕ್ಕೆ ತಾಗಿದ ಬದುವಿನಲ್ಲಿ ಮಾತ್ರ. ಬಗ್ಗಿ ಹುಲ್ಲು ಕೊಯ್ಯುವವರು ಚಿರತೆಯ ಕಣ್ಣಿಗೆ ಕುರಿಯಷ್ಟೇ ಎತ್ತರ. ಕ್ಯಾಮೆರಾ ಬಂದ ಮೇಲೆ ಮೆಸೇಜ್ ಬಂದ ದಿನ ಹಸುಗಳಿಗೆ ಒಣಹುಲ್ಲು, ಬರದ ದಿನ ಚಿಕ್ಕಮ್ಮ ಬದುವಿಗೆ. ಅದು ಸರಿಯಾಗಿಯೇ ನಡೆಯಿತು. ಒಮ್ಮೆ ಮಾತ್ರ ಚುಕ್ಕೆ ಚುಕ್ಕೆ ನೈಟಿ ಹಾಕಿದ್ದ ಪಕ್ಕದ ಮನೆಯಾಕೆಯನ್ನು ಕ್ಯಾಮೆರಾ ಚಿರತೆ ಎಂದಿತು. ಆಕೆ ಆ ನೈಟಿಯನ್ನು ಮತ್ತೆ ಹಾಕಲಿಲ್ಲ.

ಆಯುಧಪೂಜೆ ಕಳೆದ ಮೇಲೆ, ರಜೆಯ ಒಂದು ಬೆಳಿಗ್ಗೆ, ನಾನೂ ಅವರ ಜೊತೆ ಹೋದೆ. ಮೊಬೈಲ್ ಸುಮ್ಮನಿತ್ತು. ಕಂಡಷ್ಟನ್ನೇ ಬರೆಯುತ್ತೇನೆ, ಏಕೆಂದರೆ ಆಮೇಲೆ ಊರಿನವರು ಇದಕ್ಕೆ ಬಹಳ ಸೇರಿಸಿದರು. ಮೊದಲು ರಾಗಿ ತೆನೆಗಳು ಒಂದು ಕಡೆಗೆ ಬಾಗಿದವು. ಗಾಳಿ ಇರಲಿಲ್ಲ. ಆಮೇಲೆ ಬದುವಿನ ಮೇಲೆ ಬಾಲ ಕಂಡಿತು, ನಂತರ ಬೆನ್ನು. ಚಿಕ್ಕಮ್ಮ ಬಗ್ಗಿದ್ದರು. ಅವರ ಸೆರಗು ಹಿಡಿದೆಳೆದೆ. ಅವರು ಕುಡುಗೋಲು ಹಿಡಿದೇ ಎದ್ದು ನಿಂತರು.

"ಏನ್ಲಾ, ಮೆಸೇಜ್ ಇಲ್ದೆ ಬಂದ್ಬುಟ್ಟಾ?"

ದನ ಅಟ್ಟುವಾಗಿನ ದನಿ. ಚಿರತೆ ನಮ್ಮನ್ನು ನೋಡಿತು. ಅವಸರವಿಲ್ಲದೆ ಇಳಿದು ಬಂಡೆಗಳ ನಡುವೆ ಹೋಯಿತು. ಚಿಕ್ಕಮ್ಮ ಹುಲ್ಲಿನ ಮೇಲೇ ಕುಸಿದರು. ನಾನು ಅವರನ್ನು ಹಿಡಿದುಕೊಂಡೆ.

ಕ್ಯಾಮೆರಾ ಅಲ್ಲೇ ಮೊಣಕಾಲೆತ್ತರದ ಗೂಟದ ಮೇಲಿತ್ತು. ಬಾಡಿದ ಚೆಂಡುಹೂವಿನ ಹಾರ. ಗಾಜಿನ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಚೆನ್ನಾಗಿ ಒಣಗಿತ್ತು.

"ಇದ್ಯಾರು ಮಾಡಿದ್ದು ಚಿಕ್ಕಮ್ಮ?"

"ಟ್ರ್ಯಾಕ್ಟರ್‌ಗೆ, ಮಿಕ್ಸಿಗೆಲ್ಲಾ ಪೂಜೆ ಮಾಡಿ ಇದನ್ನ ಬುಡಕ್ಕಾಯ್ತದಾ? ಹಣೆ ಯಾವ್ದು ಅಂತ ಹುಡುಕ್ದೆ ಕಣೇ. ಅದಕ್ಕಿರೋದು ಅದೊಂದೇ."

ಮಾರನೆಯ ದಿನ ಬಂದ ಟೆಕ್ನಿಷಿಯನ್ ಮೊದಲು ಫೋಟೊ ತೆಗೆದರು, ಆಮೇಲೆ ಕರ್ಚೀಫು ತೆಗೆದರು. "ಮೂಗೊರ್ಸೋ ಬಟ್ಟೇಲಾ?" ಎಂದು ಚಿಕ್ಕಮ್ಮ ಚೊಂಬಿನಲ್ಲಿ ನೀರು ತಂದು ತಾವೇ ತೊಳೆದರು. ಆ ಫೋಟೊ ತುಮಕೂರಿನ ಸಭೆಯೊಂದರಲ್ಲಿ ದೊಡ್ಡ ಪರದೆಯ ಮೇಲೆ ಬಂತು. ಕೆಳಗೆ 'ತಂತ್ರಜ್ಞಾನದಲ್ಲಿ ಸಮುದಾಯದ ವಿಶ್ವಾಸ' ಎಂದು ಬರೆದಿತ್ತು. ಚಪ್ಪಾಳೆ ಬಿತ್ತು. ಅಲ್ಲಿಗೂ ಕನ್ನಡ ಹೇಳಲು ನನ್ನನ್ನು ಕರೆದಿದ್ದರು. ನಾನು ಎದ್ದು ನಿಂತು, ಅಂದು ಬದುವಿನಲ್ಲಿ ಆದದ್ದನ್ನು ಹೇಳಿದೆ.

"ಆದ್ರೆ ಕ್ಯಾಮೆರಾ ಕೆಟ್ಟಿರ್ಲಿಲ್ಲ ಅಲ್ವಾ ಮೇಡಂ?" ಎಂದರು ಅಧಿಕಾರಿ.

"ಕೆಟ್ಟಿರ್ಲಿಲ್ಲ. ಅದಕ್ಕೆ ಕಣ್ಣು ಕಾಣದಿದ್ರೆ ಹಂಗಂತಾನೂ ಒಂದು ಮೆಸೇಜ್ ಬರ್ಲಿ ಸಾರ್."

"ಅದು ಮುಂದಿನ ಹಂತದಲ್ಲಿದೆ."

ಮುಂದಿನ ಹಂತ ಇನ್ನೂ ಬಂದಿಲ್ಲ, ಹಸುಗಳಿಗೆ ದಿನಾ ಹಸಿವು. ಮೆಸೇಜ್ ಬರದ ದಿನ ಗಾಜು ಚೊಕ್ಕಟವಾಗಿದೆಯೇ ಎಂದು ಯಾರಾದರೂ ನೋಡಿಬರಬೇಕು. ಅದಕ್ಕೆ ಅದೇ ಬದುವಿಗೆ ಹೋಗಬೇಕು. ಈಗ ಚಿಕ್ಕಪ್ಪ ಸ್ಟೀಲ್ ತಟ್ಟೆ ಬಡಿಯುತ್ತಾ ಹೋಗುತ್ತಾರೆ. ಚಿಕ್ಕಮ್ಮ ಹಿತ್ತಲಲ್ಲಿ ನಿಂತು ಕಿವಿಗೊಡುತ್ತಾರೆ. ಸದ್ದು ಒಂದು ಗಳಿಗೆ ನಿಂತರೆ ಅಲ್ಲಿಂದಲೇ ಕೂಗುತ್ತಾರೆ: "ಯಾಕ್ ನಿಲ್ಸುದ್ರಿ? ಬಡೀತಾನೇ ಇರಿ."