ಹುಳದ ಮನೆಯಲ್ಲಿ ಒಗ್ಗರಣೆ

ನಮ್ಮ ದೊಡ್ಡಮ್ಮ ಪುಟ್ಟತಾಯಮ್ಮ ಬೈಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಹೊಸಬರು ಪಾಪ ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋಗಿ ತಾವೇ ಬೈಸಿಕೊಂಡು ಬರುತ್ತಿದ್ದರು. "ಅಳೋದ್ಯಾಕೆ, ನನ್ ಗಂಡ ಏನ್ ಸತ್ತೋಗವ್ನಾ? ಹೊಗೆ ಕಣಮ್ಮಿ, ಹೊಗೆ."

ಸಾತನೂರಿನ ಹೈಸ್ಕೂಲಿಗೆ ಸೇರಿದಾಗ ನಾನು ಅವಳ ಮನೆಯಲ್ಲೇ ಇದ್ದೆ. ರೇಷ್ಮೆಗೆ ಒಳ್ಳೆಯ ಕಾಲ ಅದು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬಂದರೆ ಸಾಕು, ಊರಲ್ಲಿ ಯಾರದಾದರೂ ಮನೆಗೆ ರಿಪೇರಿ ಶುರುವಾಗುತ್ತಿತ್ತು. ದೊಡ್ಡಪ್ಪನೂ ಮಾಡಿಸುತ್ತಿದ್ದ. ಆದರೆ ಅವನದು ಒಂದೇ ಮಾತು: "ಹುಳಕ್ಕೆ ಆಗೋದಾದ್ರೆ ಮಾಡ್ಸು, ಇಲ್ದಿದ್ರೆ ದಂಡ." ಹಂಚಿನ ಕೆಳಗೆ ತೆಂಗಿನಗರಿಯ ತಡಿಕೆ ಕಟ್ಟಿಸಿದ, ಹುಳ ಸಾಕುತ್ತಿದ್ದ ನಡುಮನೆ ತಂಪಾಯಿತು. ನೊಣ ಬಾರದಂತೆ ಕಿಟಕಿಗಳಿಗೆ ಬಲೆ ಹೊಡೆಸಿದ. ಒಲೆಯ ಹೊಗೆ ಹುಳಕ್ಕೆ ಆಗದೆಂದು ಅಡುಗೆಮನೆಯ ಮೋಟುಗೋಡೆಯನ್ನು ಹಂಚಿನವರೆಗೂ ಏರಿಸಿದ. ಹೊಗೆ ಅಲ್ಲೇ ಉಳಿಯಿತು, ದೊಡ್ಡಮ್ಮನ ಜೊತೆ.

ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೇ ನಮ್ಮ ಸೌದೆ. ಅರ್ಧ ಹಸಿ. ಊದಿ ಊದಿ ಅವಳ ಎದೆ ಕಟ್ಟುತ್ತಿತ್ತು. ಗೋಬರ್ ಗ್ಯಾಸ್ ಹಾಕಿಸಿ ಎಂದು ಅವಳು ಕೇಳಿದಾಗಲೆಲ್ಲ ದೊಡ್ಡಪ್ಪ, "ಕಡ್ಡಿ ಬಿಟ್ಟಿ ಬಿದ್ದೈತೆ, ಗ್ಯಾಸ್ ಯಾಕೆ?" ಎನ್ನುತ್ತಿದ್ದ. ಬಿಟ್ಟಿಯಂತೆ! ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಹಾಗೆಂದು ಹುಳದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸೊಪ್ಪು ಹಾಕುವವಳು, ಹಿಕ್ಕೆ ಬಳಿಯುವವಳು ಎಲ್ಲ ಅವಳೇ. "ಬಾಯಿಲ್ದವು, ಅವೇನ್ ಮಾಡ್ತವೆ? ಬಾಯಿರೋರ್ಗೆ ಬುದ್ಧಿ ಬೇಕು" ಎಂದು ದೊಡ್ಡಪ್ಪನಿಗೆ ಕೇಳುವ ಹಾಗೆ ಹೇಳುತ್ತಿದ್ದಳು.

ಒಂದು ಚಳಿಗಾಲ ದೊಡ್ಡಪ್ಪ ಇದ್ದಕ್ಕಿದ್ದಂತೆ ಹಿತ್ತಿಲಲ್ಲಿ ಗುಂಡಿ ತೋಡಿಸಿ ಗ್ಯಾಸಿನ ತೊಟ್ಟಿ ಕಟ್ಟಿಸಿದ. ದೊಡ್ಡಮ್ಮ ಅಡುಗೆಮನೆಯಲ್ಲಿ ಹೊಸ ಒಲೆಗೆಂದು ತಾನೇ ಮಣ್ಣಿನ ಕಟ್ಟೆ ಕಟ್ಟಿ ನುಣ್ಣಗೆ ಸಾರಿಸಿಟ್ಟಳು. ಪೈಪು ಗೋಡೆಗುಂಟ ಬಂತು, ಅಡುಗೆಮನೆ ದಾಟಿತು, ನೇರ ನಡುಮನೆಗೆ ಹೋಯಿತು. ಅಲ್ಲಿ ಹುಳದ ತಟ್ಟೆಗಳ ನಡುವೆ ಒಲೆ ಇಟ್ಟರು.

"ಚಳೀಗೆ ಹುಳ ಮೇಯಾಕಿಲ್ಲ ಕಣೆ. ಇದ್ರಲ್ಲಿ ಬೆಚ್ಚಗೂ ಆಯ್ತದೆ, ಹೊಗೇನೂ ಇಲ್ಲ" ಎಂದ ದೊಡ್ಡಪ್ಪ.

ದೊಡ್ಡಮ್ಮ ಬೈಯಲಿಲ್ಲ. ನನಗೆ ಹೆದರಿಕೆಯಾಯಿತು.

ಹುಳದ ಮನೆಯಲ್ಲಿ ಒಗ್ಗರಣೆ ಹಾಕಬಾರದು. ಊದುಕಡ್ಡಿಯನ್ನೂ ಹಚ್ಚುವುದಿಲ್ಲ, ಘಾಟು, ವಾಸನೆ ಹುಳಕ್ಕೆ ವಿಷ. ಮಾರನೆಯ ಬೆಳಿಗ್ಗೆ ಅವಳು ಬಾಂಡ್ಲಿ, ಎಣ್ಣೆ, ಒಂದು ಹಿಡಿ ಒಣಮೆಣಸಿನಕಾಯಿ ಹಿಡಿದು ನಡುಮನೆಗೆ ಹೋಗಿ ಆ ಒಲೆಯ ಮುಂದೆ ಕುಕ್ಕರಿಸಿದಳು. ನನ್ನ ಕೈಯಲ್ಲಿ ಕಿಟಕಿ ತೆಗೆಸಿದಳು. ಎಣ್ಣೆ ಕಾಯಿತು. ಒಂದೇ ಒಂದು ಮೆಣಸಿನಕಾಯಿ ಹಾಕಿದಳು.

ದೊಡ್ಡಪ್ಪ ಕೆಮ್ಮುತ್ತಾ ಓಡಿ ಬಂದ. ಅವನ ಕಣ್ಣಲ್ಲೂ ನೀರು. "ಏನೇ ಮಾಡ್ತಿದ್ದೀ, ಹುಳ ಸತ್ತೋಯ್ತವೆ!"

"ಹುಳ ಸತ್ತೋಯ್ತವೆ. ನಾನು?" ಎಂದಳು ದೊಡ್ಡಮ್ಮ. ಮಿಕ್ಕ ಮೆಣಸಿನಕಾಯಿ ಇನ್ನೂ ಮುಷ್ಟಿಯಲ್ಲೇ ಇದ್ದವು.

ಸಂಜೆಯೊಳಗೆ ಪೈಪು ಅಡುಗೆಮನೆಗೆ ತಿರುಗಿತು. ಹುಳವೂ ಗೂಡು ಕಟ್ಟಿತು.

ನಾನು ಮದುವೆಯಾಗಿ ಮಾಗಡಿಗೆ ಹೋದ ಮೇಲೆ ಕೊನೆಯ ಸಲ ನೋಡಲು ಹೋದಾಗ ಅವಳು ಆ ಒಲೆಯಲ್ಲೇ ಕಾಫಿ ಕಾಸಿಕೊಟ್ಟಳು. ಲೋಟ ಕೈಗಿಡುವಷ್ಟರಲ್ಲಿ ಗೋಡೆಗೊರಗಿ ಉಸಿರೆಳೆದುಕೊಂಡಳು. "ಹೊಗೆ ಹೋಯ್ತು ಕಣವ್ವ, ಕೆಮ್ಮು ಬುಡ್ನಿಲ್ಲ. ಗ್ಯಾಸು ಒಸಿ ಮುಂಚೆ ಬಂದಿದ್ರೆ ಆಗಿತ್ತು." ಆಗ ಅವಳಿಗೆ ಬೈಯುವಷ್ಟು ಉಸಿರೂ ಇರಲಿಲ್ಲ. ಆ ಮಳೆಗಾಲ ಹೋದಳು.

ತಿಥಿಯ ದಿನ ಊಟಕ್ಕೆ ಕೂತಿದ್ದೆವು. ಬಡಿಸುತ್ತಿದ್ದವರ ಹಿಂದೆ ಓಡಾಡುತ್ತಾ ದೊಡ್ಡಪ್ಪ ನೆಂಟರಿಗೆ ಹೇಳುತ್ತಿದ್ದ: "ಊರಿಗೇ ಮೊದ್ಲು ಗ್ಯಾಸ್ ಹಾಕ್ಸಿದ್ದು ನಾನು. ಅವ್ಳು ಹೊಗೇಲಿ ಬೇಯ್ಬಾರ್ದು ಅಂತ." ಎಲ್ಲರೂ ತಲೆಯಾಡಿಸಿದರು. ನಾನು ಅರ್ಧ ಎಲೆಯಲ್ಲಿ ಎದ್ದೆ.

"ಯಾಕವ್ವ, ಹಂಗೆ ಏಳ್ಬಾರ್ದು, ಕೂತ್ಕೊ, ಉಣ್ಣು" ಎಂದ ದೊಡ್ಡಪ್ಪ.

"ಆ ಪೈಪು ಮೊದ್ಲು ಎಲ್ಲಿಗೋಗಿತ್ತು, ಅದ್ನೂ ಹೇಳು ದೊಡ್ಡಪ್ಪ" ಎಂದೆ. ಪಂಕ್ತಿಯಲ್ಲಿ ಕೂತವರ ಕೈ ನಿಂತಿತು. ಅವನು ಬಡಿಸುವವನತ್ತ ತಿರುಗಿ, "ಪಕ್ಕದ್ ಎಲೆಗೆ ಅನ್ನ ಹಾಕಪ್ಪ" ಎಂದ.