ಗೋಡೆಯ ಬುಡದ ಮೋರಿ

ನಾನು ಬನಹಟ್ಟಿಗೆ ಸೊಸೆಯಾಗಿ ಬಂದಾಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದು. ಹುನ್ನೂರಿನ ನನ್ನ ತವರಿನಲ್ಲಿ ಮಗ್ಗ ಬಿಟ್ಟು ಹೊಲಕ್ಕಿಳಿದು ಒಂದು ತಲೆಮಾರಾಗಿತ್ತು. ಹಾಗಾಗಿ ನೇಕಾರರ ಮನೆಯಲ್ಲಿ ನೀರು ಚೆಲ್ಲುವುದಕ್ಕೂ ಒಂದು ಕ್ರಮ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ನನ್ನ ಗಂಡ ಮತ್ತು ಅವರ ಅಣ್ಣ ನಡುವೆ ಗೋಡೆ ಎಬ್ಬಿಸಿ ಮನೆ ಪಾಲು ಮಾಡಿಕೊಂಡಿದ್ದರು. ಮೋರಿ ಮಾತ್ರ ಒಂದೇ. ನಮ್ಮ ಬಚ್ಚಲ ನೀರು ಗೋಡೆಯ ಬುಡದ ತೂತಿನಿಂದ ಭಾವನ ಹಿತ್ತಲಿಗೆ ಇಳಿದು, ಹಾಸುಗಲ್ಲಿನ ಕೆಳಗೆ ಹರಿದು ಓಣಿಯ ಗಟಾರ ಸೇರುತ್ತಿತ್ತು.

ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ತಿಪ್ಪೆಗೇ ಸುರಿಯಬೇಕೆಂದು ನಾನು ಬಂದ ದಿನವೇ ಅತ್ತೆ ಹೇಳಿದ್ದರು. "ಮೋರ್ಯಾಗ ಗಂಜಿ ಕುಂತ್ರ ಕಲ್ಲಾಗತೈತಿ. ನೂಲಿನ ಚೂರೂ ಬಿಡಬ್ಯಾಡ." ತಿಪ್ಪೆ ಓಣಿಯ ಆ ತುದಿಗಿತ್ತು. ನಾನು ಐದು ತಿಂಗಳ ಬಸುರಿ. ಅತ್ತೆ ಕಾಣದಾಗ ಬಚ್ಚಲಿಗೇ ಬಗ್ಗಿಸಿದೆ. ಒಂದು ಸಲವಲ್ಲ, ತಿಂಗಳುಗಟ್ಟಲೆ.

ಭಾವನ ಹಿತ್ತಲಲ್ಲಿ ಹೊಲಸು ನೀರು ಉಕ್ಕತೊಡಗಿತು. ಅವರು ಎರಡು ಸಲ ಸಮಾಧಾನದಿಂದಲೇ ಹೇಳಿಹೋದರು. ಮೂರನೆಯ ಸಲ ಬಾಗಿಲಲ್ಲಿ ನಿಂತು ಕೂಗಿದರು.

"ನಿಮ್ಮ ಗಂಜಿ ನನ್ನ ಅಡಗಿ ಮನಿತನಕ ಬಂದೈತಿ. ಇನ್ನೊಮ್ಮೆ ಬಂದ್ರ ತೂತನ ಮುಚ್ಚತೇನಿ."

"ನಮ್ಮ ಮನಿಯಾಗ ಯಾರೂ ಗಂಜಿ ಸುರಿಯೂದಿಲ್ಲ" ಎಂದ ನನ್ನ ಗಂಡ ನನ್ನತ್ತ ತಿರುಗಿದರು. "ಸುರದೀಯೇನು?"

"ಇಲ್ರಿ" ಎಂದೆ.

ಆ ಮಾತು ನಂಬಿ ಅವರು ಅಣ್ಣನನ್ನು ಸುಳ್ಳುಗಾರ ಎಂದರು. ಭಾವ ಉಗುಳಿ ಹೋದರು.

ಮರುದಿನ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ನೀರು ಇಳಿಯಲಿಲ್ಲ. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿಯಿತು. ಕುಣಿಯಲ್ಲಿ ಕಾಲು ಬಿಟ್ಟು ನೇಯುತ್ತಿದ್ದ ನನ್ನ ಗಂಡ ಹೌಹಾರಿ ಎದ್ದರು. ಮುಗಿಯಲು ಮೊಳವಷ್ಟೇ ಉಳಿದಿದ್ದ ನೀಲಿ ಸೀರೆಯ ಮೇಲೆ ಕರಿ ನೀರು ಸಿಡಿದಿತ್ತು.

ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ತೆಗೆದುಕೊಂಡು ಅವರು ಬಚ್ಚಲಿಗೆ ನುಗ್ಗಿದರು. ತೂತಿಗೆ ತುರುಕಿದ್ದ ಚಿಂದಿ, ಕಲ್ಲಿನ ಮೇಲೆ ಮೈಯ ಬಲವನ್ನೆಲ್ಲ ಹಾಕಿ ತಿವಿದರು. ಎರಡನೆಯ ತಿವಿತಕ್ಕೆ ಆ ಕಡೆಯಿಂದ ಚೀರಾಟ ಕೇಳಿತು. ಭಾವ ಅಲ್ಲೇ ಕೂತು ಇನ್ನೊಂದು ಕಲ್ಲು ಒಳಗೆ ದೂಡುತ್ತಿದ್ದರು. ಅವರ ಬಲಗೈ ಹಾರೆಗೆ ಸಿಕ್ಕಿತ್ತು.

ಭಾವ ಓಣಿ ಸುತ್ತಿ ನಮ್ಮ ಮನೆಗೆ ಬಂದರು. ಎರಡು ಬೆರಳು ತೊಗಲಿನಲ್ಲಿ ಜೋತಾಡುತ್ತಿದ್ದವು. ಎಡಗೈಯಿಂದ ತಮ್ಮನ ಜುಟ್ಟು ಹಿಡಿದು ಮುಖವನ್ನು ಮಗ್ಗದ ಕಂಬಕ್ಕೆ ಅಪ್ಪಳಿಸಿದರು. ಮತ್ತೊಮ್ಮೆ, ಮತ್ತೊಮ್ಮೆ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅತ್ತೆ ನಡುವೆ ಬಿದ್ದರು. ಯಾರದೋ ಒದೆ ಅವರ ಪಕ್ಕೆಗೆ ಬಿತ್ತು. ಓಣಿಯವರು ಬಂದು ಬಿಡಿಸುವ ಹೊತ್ತಿಗೆ ಕುಣಿಯ ನೀರು ಕೆಂಪಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಭಾವನನ್ನು ಚಕ್ಕಡಿಯಲ್ಲಿ ಜಮಖಂಡಿ ದವಾಖಾನೆಗೆ ಒಯ್ದರು. ಮೋರಿ ಇನ್ನೂ ಕಟ್ಟಿಕೊಂಡೇ ಇತ್ತು. ಎರಡು ದಿನ ಕಳೆದ ಮೇಲೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಹಿತ್ತಲಿನ ಹಾಸುಗಲ್ಲು ಎಬ್ಬಿಸುತ್ತಿರುವುದು ಕೇಳಿಸಿತು. ನಾನು ಹಂಡೆಯಲ್ಲಿ ನೀರು ಕುದಿಸಿಕೊಂಡು ಹೋದೆ. ಆಕೆ ಬೇಡ ಎನ್ನಲಿಲ್ಲ. ನಾನು ಕುದಿನೀರು ಸುರಿಯುವುದು, ಆಕೆ ಸೀಳಿದ ಬಿದಿರಿನಿಂದ ಕೆದಕುವುದು. ಕೊನೆಗೆ ಬಿದಿರಿನ ತುದಿಗೆ ಸಿಕ್ಕಿ ಒಂದು ಮುದ್ದೆ ಹೊರಬಂತು: ಕಲ್ಲಿನಂತೆ ಗಟ್ಟಿಯಾದ ಗಂಜಿ, ಅದರ ತುಂಬ ನೀಲಿ ನೂಲು. ಅವರ ಮಗ್ಗದಲ್ಲಿ ಆ ವರ್ಷವೆಲ್ಲ ಬರೀ ಕೆಂಪು ಸೀರೆ.

ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕತ್ತು ಹಿಡಿದು ಆ ಮುದ್ದೆಯನ್ನು ನನ್ನ ಬಾಯಿಗೆ ಒತ್ತಿದಳು. ಉಸಿರು ಕಟ್ಟಿತು.

"ಬಸರಿ ಅಂತ ಬಿಟ್ಟೇನಿ" ಎಂದು ಕೈ ತೆಗೆದಳು. ಆಮೇಲೆ ಬಿದಿರು ನನ್ನತ್ತ ಚಾಚಿದಳು. "ಹಿಡಿ. ಒಳಗ ಇನ್ನೂ ಐತಿ."

ಅಂದೇ ಗಂಡನಿಗೆ ನಿಜ ಹೇಳಿದೆ. ಅವರ ಹೊಡೆತ ಎಡಗಿವಿಗೆ ಬಿತ್ತು. ಆ ಕಿವಿ ಇವತ್ತಿಗೂ ಮಂದ. ಹೊಡೆದವರು ಗೋಡೆಗೆ ಆತು ಕೂತು, ಊದಿದ ಬಾಯಿ ಮುಚ್ಚಿಕೊಂಡು ಅತ್ತರು.

ಭಾವ ಎರಡು ಬೆರಳು ಕಳೆದುಕೊಂಡು ಬಂದರು. ಮಗ್ಗದಲ್ಲಿ ಲಾಳಿ ಓಡಿಸುವ ಹಗ್ಗ ಜಗ್ಗಲು ಬರುವಂತಿರಲಿಲ್ಲ. ನೆಗೆಣ್ಣಿ ಮಗ್ಗಕ್ಕೆ ಕೂತಳು. ಹೆಂಗಸರ ಕೆಲಸವೆಂದು ಅದುವರೆಗೆ ಮುಟ್ಟದಿದ್ದ, ಲಾಳಿಯ ಕಂಡಿಕೆಗೆ ನೂಲು ಸುತ್ತುವುದು ಭಾವನ ಪಾಲಿಗೆ ಬಂತು. ನನ್ನ ಗಂಡ ಮೋರಿಯ ಬಾಯಿಗೆ ತೂತು ಕೊರೆದ ತಗಡು ಹಾಕಿದರು. ಗಂಜಿ ಹೊತ್ತು ನಾನು ದಿನವೂ ಭಾವನ ಬಾಗಿಲ ಮುಂದೆಯೇ ತಿಪ್ಪೆಗೆ ಹೋಗತೊಡಗಿದೆ.

ಒಂದು ದಿನ ಭಾವ ತಲೆ ಎತ್ತದೆ ಹೇಳಿದರು: "ಆವತ್ತ ಒಂದ ಮಾತು ಖರೆ ಹೇಳಿದ್ರ ಆಗತಿತ್ತಲ್ಲವಾ. ನಾವ ಮೋರ್ಯಾಗಿನ ಗಂಜಿ ತಗೀತಿದ್ವಿ."