ನಾನು ನೋಡದ ಪಾಠ

ಅವರ ಎಡ ಮುಂಗೈಯ ಒಳಭಾಗದಲ್ಲಿ, ಬಳೆಗಳಿಗಿಂತ ಸ್ವಲ್ಪ ಮೇಲೆ, ದಿನವೂ ನೀಲಿ ಪೆನ್ನಿನಲ್ಲಿ ಬರೆದ ನಾಲ್ಕೈದು ಅಕ್ಷರಗಳಿರುತ್ತಿದ್ದವು. ಒಂದು ದಿನ ರ, ಕಾ, ಮ, ಶ. ಇನ್ನೊಂದು ದಿನ ಬರೀ ಪು. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಅವು ಅಳಿಸಿಹೋಗಿ, ಅಲ್ಲಿನ ಚರ್ಮ ಮಾತ್ರ ತಿಳಿನೀಲಿಯಾಗಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು ಸಂತೆಯಿಂದ ತರಬೇಕಾದ ಸಾಮಾನಿನ ಗುರುತು ಎಂದುಕೊಂಡಿದ್ದೆ. ಕೇಳಿದಾಗ ಅವರು ಕೈ ತಿರುಗಿಸಿ ತೋರಿಸಿದರು.

"ಇವತ್ತು ಬಾಯೇ ಬಿಡದ ಮಕ್ಕಳ ಹೆಸ್ರಿನ ಮೊದಲಕ್ಷರ ಸಾ. ಮನೆಗೆ ಹೋಗೋದ್ರೊಳಗೆ ಒಂದೊಂದು ಮಾತಾದ್ರೂ ಆಡಿಸಿ ಕಳಿಸ್ಬೇಕು. ಆಡಿದ್ರೆ ಒರೆಸ್ಬುಡ್ತೀನಿ."

ನಂಜನಗೂಡಿನ ನಮ್ಮ ಶಾಲೆಯಲ್ಲಿ ಎಲ್ಲರೂ ಅವರನ್ನು ಒಂದನೇ ಕ್ಲಾಸ್ ಮೇಡಂ ಎಂದೇ ಕರೆಯುತ್ತಿದ್ದರು. ಕಳಲೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬೇರೆ ತರಗತಿ ಕೊಡುತ್ತೇವೆಂದರೂ ಒಪ್ಪದೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಕೋಣೆಯಲ್ಲಿ, ಅದೇ ತಗ್ಗು ಮಣೆಯ ಮೇಲೆ ಕೂತು ಅಕ್ಷರ ಕಲಿಸಿದವರು. ಮಣೆ ಏಕೆಂದರೆ, ಕುರ್ಚಿಯ ಮೇಲೆ ಕೂತರೆ ಮಕ್ಕಳಿಗೆ ತನ್ನ ಮುಖ ಕಾಣುವುದಿಲ್ಲ, ಗಲ್ಲ ಕಾಣುತ್ತದೆ ಎನ್ನುತ್ತಿದ್ದರು.

ಅವರ ಪಕ್ಕದ ಕೋಣೆ ನನ್ನದು, ಎರಡನೇ ತರಗತಿ. ನಡುವೆ ಇದ್ದದ್ದು ಎದೆಯೆತ್ತರದ ಗೋಡೆ. ಸೇರಿದ ಎರಡನೇ ತಿಂಗಳಲ್ಲಿ, ಓದಲು ಬಾರದ ಒಂದು ಹುಡುಗಿಯ ಕಿವಿ ಹಿಂಡಿದೆ. ಆ ಮಗು ಅಳಲಿಲ್ಲ, ಪುಸ್ತಕ ನೋಡಿಕೊಂಡು ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳತೊಡಗಿತು. ಊಟದ ಹೊತ್ತಿಗೆ ಮೇಡಂ ಬಂದರು. ಬೈಯುತ್ತಾರೆಂದು ನಾನು ಸಿದ್ಧನಾಗಿಯೇ ಇದ್ದೆ.

"ನಾಳೆಯಿಂದ ಒಂದು ವಾರ ಮೊದಲ್ನೇ ಪೀರಿಯಡ್ಡು ನನ್ ಕ್ಲಾಸಲ್ಲಿ ಕೂತ್ಕಳಿ ಸಾ. ನಿಮ್ ಮಕ್ಕಳನ್ನೂ ಕರ್ಕೊಂಡ್ ಬನ್ನಿ, ಜಾಗ ಅದೆ."

ಹಿಂದುಗಡೆ ಗೋಡೆಗೆ ಒರಗಿ ಒಂದು ವಾರ ಕೂತೆ. ಅವರು ಮಗುವಿಗೆ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಸುಮ್ಮನೆ ಎಂದರೆ, ಮಗುವಿನ ಮುಖ ನೋಡದೆ ಒಂದು ಪೆನ್ಸಿಲ್ ತೆಗೆದುಕೊಂಡು ಹೆರೆಯುತ್ತಾ ಕೂರುವುದು. ನನ್ನ ಜೀವ ಚಡಪಡಿಸುತ್ತಿತ್ತು. ಉತ್ತರ ಹೇಳಿಕೊಟ್ಟು ಮುಂದಕ್ಕೆ ಹೋಗಬಾರದೇ ಅನ್ನಿಸುತ್ತಿತ್ತು. ಅಷ್ಟರಲ್ಲಿ ಆ ಕಡೆಯಿಂದ ಒಂದು ಸಣ್ಣ ದನಿ ಏಳುತ್ತಿತ್ತು. ನಾನು ಕಿವಿ ಹಿಂಡಿದ್ದ ಹುಡುಗಿ ಐದನೆಯ ದಿನ, "ನಂಗೆ ಇದು ಬರಲ್ಲ ಮೇಡಂ" ಎಂದಳು. ಮೇಡಂ ಮುಖ ಅರಳಿತು. "ಸರಿಯಾಗಿ ಹೇಳ್ದೆ ನೋಡು. ಬಾ, ಕಲಿಯಣ" ಎಂದರು. ಆಮೇಲೆ ನನಗೆ ಹೇಳಿದ್ದು: "ಬರಲ್ಲ ಅನ್ನಕ್ಕೆ ಮಗು ಹೆದರಬಾರದು ಸಾ. ಹೆದರಿದ್ರೆ ಅದು ಸುಳ್ಳು ಹೇಳೋದ್ನ ಕಲ್ತುಬುಡ್ತದೆ."

ನಾನು ಮೇಷ್ಟ್ರಾದದ್ದು ಆ ವಾರದಲ್ಲಿ. ಬಿ.ಎಡ್. ಸರ್ಟಿಫಿಕೇಟು ಅದಕ್ಕೂ ಮೊದಲೇ ಕೈಲಿತ್ತು, ಆ ಮಾತು ಬೇರೆ.

ಹನ್ನೆರಡು ವರ್ಷಗಳ ನಂತರ ನಮ್ಮ ಆಡಳಿತ ಮಂಡಳಿ ನನ್ನನ್ನು ವೀಕ್ಷಕನನ್ನಾಗಿ ಮಾಡಿತು. ನಂಜನಗೂಡು, ಕವಲಂದೆ, ಟಿ. ನರಸೀಪುರಗಳಲ್ಲಿದ್ದ ಅವರ ಶಾಲೆಗಳಿಗೆ ಹೋಗಿ, ತರಗತಿಯಲ್ಲಿ ಒಂದು ಪೀರಿಯಡ್ ಪೂರ್ತಿ ಕೂತು, ಮೊಬೈಲಿನಲ್ಲಿ ಒಂದು ಆನ್‌ಲೈನ್ ಫಾರಂ ತುಂಬಬೇಕು. ಪ್ರತಿ ಪ್ರಶ್ನೆಗೂ ಒಂದರಿಂದ ನಾಲ್ಕರವರೆಗೆ ಅಂಕ. ಕೊನೆಯಲ್ಲಿ ಒಂದು ಚೌಕ, ಅದರಲ್ಲಿ ಅಭಿಪ್ರಾಯ ಬರೆಯದಿದ್ದರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಕಳಿಸಿದ ಕೂಡಲೇ ಅದರ ಪ್ರತಿ ಆ ಶಿಕ್ಷಕರ ಫೋನಿಗೆ ಹೋಗುತ್ತದೆ. ಅವರು ಓದಿ ‘ಒಪ್ಪಿದ್ದೇನೆ’ ಎಂದೋ ‘ಒಪ್ಪುವುದಿಲ್ಲ’ ಎಂದೋ ಒತ್ತಬೇಕು. ಒಪ್ಪದಿದ್ದರೆ ಕಾರಣ ಬರೆಯಬಹುದು.

ಫಾರಂ ಕೆಟ್ಟದ್ದಾಗಿರಲಿಲ್ಲ. ಮೊದಲ ವರ್ಷ ನಾನು ನಿಜವಾಗಿಯೂ ಕೂತು ನೋಡುತ್ತಿದ್ದೆ. ಆಮೇಲೆ ಅರ್ಧ ಪೀರಿಯಡ್. ಆಮೇಲೆ ಕಿಟಕಿಯಲ್ಲಿ ಒಂದು ನೋಟ. ಕೊನೆಕೊನೆಗೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, ಹೋದ ತಿಂಗಳು ಕೊಟ್ಟ ಅಂಕವನ್ನೇ ಮತ್ತೆ ಒತ್ತುತ್ತಿದ್ದೆ. ಎಲ್ಲರಿಗೂ ಮೂರು. ಯಾರಿಗೂ ಬೇಸರವಿಲ್ಲ. ಕಾರ್ಯದರ್ಶಿಗಳಿಗೆ ಮಾತ್ರ ಅನುಮಾನ ಬಂತು. ಫೋನ್ ಮಾಡಿ, "ಏನ್ರೀ, ನಿಮ್ಮ ಎಲ್ಲಾ ಟೀಚರ್‌ಗಳೂ ಒಂದೇ ಅಚ್ಚಲ್ಲಿ ತೆಗೆದಂಗಿದ್ದಾರಲ್ಲ. ವ್ಯತ್ಯಾಸ ಕಾಣ್ಬೇಕು" ಎಂದರು.

ಮುಂದಿನ ಕಂತಿನ ಫಾರಂ ಕಳಿಸಬೇಕಾಗಿದ್ದ ಬುಧವಾರ ನಾನು ಶಾಲೆಯಲ್ಲೇ ಇರಲಿಲ್ಲ. ನರಸೀಪುರದಲ್ಲಿ ಭಾವಮೈದುನನ ಗೃಹಪ್ರವೇಶ. ಊಟದ ಪಂಕ್ತಿ ಏಳುವುದನ್ನು ಕಾಯುತ್ತಾ ಶಾಮಿಯಾನದ ಕೆಳಗೆ ನಿಂತು ಮೂವರ ಫಾರಂ ತುಂಬಿದೆ. ವ್ಯತ್ಯಾಸ ಕಾಣಬೇಕಿತ್ತಲ್ಲ. ಒಬ್ಬರು ಮಂಡಳಿಯ ಸದಸ್ಯರ ಸೊಸೆ. ಇನ್ನೊಬ್ಬರು ಅಂಕ ಕಡಿಮೆಯಾದರೆ ಎಲ್ಲರೆದುರು ಜಗಳಕ್ಕೆ ನಿಲ್ಲುವವರು. ಮೂರನೆಯವರು ಒಂದನೇ ಕ್ಲಾಸ್ ಮೇಡಂ. ಅವರಾದರೆ ಏನೂ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದೇ ಅವರಿಗೆ ಒಂದು, ಎರಡು, ಒಂದು ಎಂದು ಒತ್ತುತ್ತಾ ಹೋದೆ. ‘ಎಲ್ಲ ಮಕ್ಕಳಿಗೂ ಮಾತನಾಡಲು ಅವಕಾಶ ನೀಡುತ್ತಾರೆಯೇ?’ ಎಂಬ ಪ್ರಶ್ನೆ ಇತ್ತು. ಅದಕ್ಕೂ ಒಂದು. ಚೌಕದಲ್ಲಿ ಬರೆದೆ: ‘ಹಳೆಯ ಪದ್ಧತಿಯ ಬೋಧನೆ. ಮಕ್ಕಳ ಭಾಗವಹಿಸುವಿಕೆ ತೀರಾ ಕಡಿಮೆ.’ ಅಷ್ಟರಲ್ಲಿ ಎಲೆ ಹಾಕಿದರು, ಹೋಗಿ ಕೂತೆ. ಊಟ ರುಚಿಯಾಗಿತ್ತು. ಅದೂ ನೆನಪಿದೆ.

ಶುಕ್ರವಾರ ಮೇಡಂ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಇದ್ರಲ್ಲಿ ಏನೋ ಬಂದದೆ ಸಾ. ಕನ್ನಡಕ ಮನೇಲೇ ಬುಟ್ಟು ಬಂದೀನಿ. ವಸಿ ಓದಿ."

ನಾನು ಓದಬೇಕಾಯಿತು. ನನ್ನ ವಾಕ್ಯಗಳನ್ನು ನನ್ನ ಬಾಯಲ್ಲೇ. ಅವರು ತಲೆ ಬಾಗಿಸಿ, ಹೋಂವರ್ಕ್ ಕೇಳುವ ಹಾಗೆ ಕೇಳಿದರು.

"ಯಾವತ್ತಿಂದು ಸಾ ಇದು?"

"ಬುಧವಾರ."

ಅವರು ಮೆಲ್ಲಗೆ, "ಬುಧವಾರ ನಾನು ರಜ ಹಾಕಿದ್ನಲ್ಲ. ಅಕ್ಕನ ಕಣ್ಣಿನ ಆಪರೇಷನ್ನು ಅಂತ ಮೈಸೂರಲ್ಲಿದ್ದೆ" ಎಂದರು.

ನನ್ನ ಕಿವಿ ಬಿಸಿಯಾಯಿತು. "ತಾರೀಕು ತಪ್ಪು ತೋರಿಸ್ತಿರ್ಬೇಕು ಮೇಡಂ. ಸಿಸ್ಟಂದು ಏನೋ ತೊಂದರೆ. ಬೇರೆ ದಿವಸ ನೋಡಿದ್ದು" ಎಂದೆ.

"ಹೌದಾ," ಎಂದರು. ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಾ ಕೂತರು. ಆ ಕೂರುವಿಕೆ ನನಗೆ ಚೆನ್ನಾಗಿ ಪರಿಚಯವಿತ್ತು. ಅವರು ಕಾಯುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಅವರೇ ಫೋನನ್ನು ನನ್ನತ್ತ ಸರಿಸಿದರು. "ಎಲ್ಲಿ ಒತ್ಬೇಕು ತೋರ್ಸಿ."

ತೋರಿಸಿದೆ. ಅವರು ‘ಒಪ್ಪಿದ್ದೇನೆ’ ಒತ್ತಿದರು.

ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಮಂಡಳಿಯವರು ಕಡಿಮೆ ಅಂಕದವರ ಪಟ್ಟಿ ಮಾಡಿ ಸಭೆ ಕರೆದರು. ಗೋಡೆಯ ಮೇಲೆ ನನ್ನ ಫಾರಂ ದೊಡ್ಡದಾಗಿ ಮೂಡಿತು. ಹತ್ತು ಹದಿನೈದು ಜನ ಶಿಕ್ಷಕರು, ಎರಡನೆಯ ಸಾಲಿನಲ್ಲಿ ಮೇಡಂ. ಕಾರ್ಯದರ್ಶಿಗಳು ನನ್ನನ್ನೇ ಕೇಳಿದರು: "ಇವರದ್ದು ನೀವೇ ಕೂತು ನೋಡಿದ್ದೀರಾ?" ಆಗಲೂ ಹೇಳಬಹುದಿತ್ತು. ಎದ್ದು ನಿಂತು, "ಹೌದು ಸರ್, ನೋಡಿದ್ದೇನೆ" ಎಂದೆ. ಮೇಡಂ ತಮ್ಮ ಚೀಲದ ಹಿಡಿಯನ್ನು ಸರಿಮಾಡಿಕೊಂಡರು, ಅಷ್ಟೇ. ಅವರ ರಜಾ ಅರ್ಜಿ ಪಕ್ಕದ ಕೋಣೆಯ ಫೈಲಿನಲ್ಲೇ ಇತ್ತು. ಅವರು ಒಂದು ಮಾತು ಆಡಿದ್ದರೆ ನಾನು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಿದ್ದೆ.

ವರ್ಷದ ನಡುವೆಯೇ ಅವರನ್ನು ನರಸೀಪುರದ ಶಾಲೆಗೆ ಕಳಿಸಿದರು. ತರಗತಿ ಇಲ್ಲ, ಪುಸ್ತಕದ ಕೋಣೆ ಮತ್ತು ದಾಖಲಾತಿ ಪುಸ್ತಕಗಳ ಕೆಲಸ. ಕಳಲೆಯಿಂದ ಎರಡು ಬಸ್ಸು. ಅವರು ಹೋದ ಮರುದಿನ ನಾನು ಒಂದನೇ ತರಗತಿಯ ಮುಂದೆ ಹಾಯುತ್ತಿದ್ದಾಗ ಆಯಾ ತಡೆದು ನಿಲ್ಲಿಸಿದಳು. "ಮೇಡಮ್ಮೋರು ಯಾಕ್ ಹೊಂಟೋದ್ರು ಸಾ? ಮಕ್ಳು ಬಾಕ್ಲು ನೋಡ್ಕಂಡೇ ಕುಂತವೆ. ಊಟಾನೂ ಸರಿಯಾಗಿ ಮಾಡ್ನಿಲ್ಲ." ಟ್ರಾನ್ಸ್‌ಫರ್ ಆಯಿತು ಎಂದೆ. ಯಾರು ಮಾಡಿಸಿದರು ಎಂದು ಅವಳು ಕೇಳಲಿಲ್ಲ.

ಆ ವರ್ಷ ನರಸೀಪುರಕ್ಕೆ ನಾನು ನಾಲ್ಕು ಸಲ ಹೋದೆ. ನಾಲ್ಕು ಸಲವೂ ಪುಸ್ತಕದ ಕೋಣೆಯ ಕಡೆಯ ಜಗಲಿಯನ್ನು ಬಿಟ್ಟು ಸುತ್ತಿಕೊಂಡು ಓಡಾಡಿದೆ. ಒಮ್ಮೆ ಅವರೇ ಎದುರಾದರು. "ಚೆನ್ನಾಗಿದ್ದೀರಾ ಸಾ? ಸಣ್ಣಗಾಗಿದ್ದೀರಿ" ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೊರಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಅವರು ಅಲ್ಲಿಂದಲೇ ನಿವೃತ್ತರಾದರು. ಆಮೇಲೆ, ಇನ್ನು ಅವರಿಗೆ ಯಾವ ಪ್ರಯೋಜನವೂ ಇಲ್ಲದ ಕಾಲಕ್ಕೆ, ನನಗೆ ಧೈರ್ಯ ಬಂತು. ಕಾರ್ಯದರ್ಶಿಗಳಿಗೆ ನಡೆದದ್ದನ್ನೆಲ್ಲ ಬರೆದು ಕೊಟ್ಟು, ವೀಕ್ಷಕನ ಕೆಲಸ ಬೇಡವೆಂದೆ. ಮರುದಿನ ಭಾನುವಾರ, ಕಳಲೆಗೆ ಹೋದೆ. ಮೇಡಂ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಆರಿಸುತ್ತಿದ್ದರು. ಕೂತೆ. ಬುಧವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ, ಶಾಮಿಯಾನ, ಪಂಕ್ತಿ, ಅವರನ್ನೇ ಏಕೆ ಆರಿಸಿದೆ ಎನ್ನುವುದನ್ನೂ. ಅವರ ಕೈ ಕಲ್ಲು ಆರಿಸುತ್ತಲೇ ಇತ್ತು.

"ಮಂಡಳಿಯೋರ್ಗೂ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಕಳಿಸಿದ ಫಾರಂ ಈಗ ತಿದ್ದಕ್ಕಾಗಲ್ವಂತೆ."

ಅವರು ನಕ್ಕರು. ಹಂಗಿಸುವ ನಗು ಅಲ್ಲ. "ನಂಗೆ ಆವತ್ತೇ ಗೊತ್ತಿತ್ತು ಸಾ. ಈಗ ಹೇಳ್ತಾರೆ, ಆಗ ಹೇಳ್ತಾರೆ ಅಂತ ನೋಡ್ತಿದ್ದೆ. ಮೀಟಿಂಗ್‌ನಲ್ಲಿ ನೀವು ಎದ್ದು ನಿಂತಾಗ, ಈಗ ಹೇಳೇಬುಟ್ರು ಅಂದ್ಕಂಡೆ."

"ನೀವೇ ಹೇಳ್ಬೋದಿತ್ತಲ್ಲ ಮೇಡಂ."

"ನಾನ್ ಹೇಳಿದ್ರೆ ನೀವು ಸಿಕ್ಕಾಕ್ಕೊಂಡಂಗಾಗ್ತಿತ್ತು. ನೀವೇ ಹೇಳಿದ್ರೆ ಅದು ಬೇರೆ."

ಮೊರ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಪರವಾಗಿಲ್ಲ ಬಿಡಿ ಎಂಬ ಮಾತಿಗಾಗಿ ನಾನು ಕಾಯುತ್ತಿದ್ದೆ. ಅದನ್ನು ಅವರು ತಿಳಿದರೆಂದು ಕಾಣುತ್ತದೆ.

"ನನ್ನ ಮಾರ್ಕ್ಸು ಬುಡಿ, ನಂಗೆ ಅದ್ರಿಂದ ಏನೂ ಆಗ್ಬೇಕಾಗಿಲ್ಲ. ಆ ಮಕ್ಳು ಇನ್ನೂ ಒತ್ತಕ್ಷರಕ್ಕೇ ಬಂದಿರ್ಲಿಲ್ಲ. ಅರ್ಧಕ್ಕೆ ಬುಟ್ಟು ಬರ್ಬೇಕಾಯ್ತು. ಅದನ್ನ ಪರವಾಗಿಲ್ಲ ಅಂತ ನಾನು ಹೆಂಗೆ ಅನ್ಲಿ? ನನ್ ಕೈಲಾಗಲ್ಲ ಸಾ."

ಅಷ್ಟು ಹೇಳಿ ಒಳಗೆ ಹೋಗಿ ಕಾಫಿ ತಂದರು. ಬಸ್ಸಿನವರೆಗೂ ಜೊತೆಗೆ ನಡೆದು ಬಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅವರು ಈ ವರ್ಷದ ಮೊದಲಲ್ಲಿ, ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ತಿಥಿಯ ದಿನ ಹೋಗಿದ್ದೆ. ಅವರ ಮಗಳು ನನ್ನನ್ನು ಗುರುತಿಸಿ, ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ಇವ್ರು ಅಮ್ಮನ ಜೊತೇಲಿದ್ದ ಮೇಷ್ಟ್ರು. ಅಮ್ಮ ಇವ್ರ ಬಗ್ಗೆ ಬಾಳ ಒಳ್ಳೆ ಮಾತಾಡೋರು." ನರಸೀಪುರಕ್ಕೆ ಏಕೆ ಹಾಕಿದರು ಎಂಬುದನ್ನು ಮೇಡಂ ಮನೆಯಲ್ಲೂ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನೆಂಟರು ನನ್ನತ್ತ ನೋಡಿ ಕೈ ಮುಗಿದರು. ನಾನೂ ಕೈ ಮುಗಿದೆ. ಇದು ಹೇಳುವ ಜಾಗವಲ್ಲ, ಹೇಳುವ ದಿನವಲ್ಲ ಎಂದುಕೊಂಡೆ. ಸಭೆಯಲ್ಲೂ ಹೀಗೆಯೇ ಅಂದುಕೊಂಡಿದ್ದೆ.

ಇದನ್ನು ಬರೆದು ಮುಗಿಸಿ, ಮೊದಲು ಆ ಮಗಳಿಗೆ ಕಳಿಸುತ್ತಿದ್ದೇನೆ.